ಅಳಿಸಲಾಗದ ಅಂಕಪಟ್ಟಿ ಹಿಡಿದು ಮೆಡಿಕಲ್ ಕಾಲೇಜಿಗೆ

(ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಓದುಗರಿಗಾಗಿ ತಿದ್ದಿ ಬರೆದದ್ದು.)

ಸಭಿಕರಿಗೆ ನಮಸ್ಕಾರ. ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ಹೈಸ್ಕೂಲು ಓದುತ್ತಿರುವ ಮಕ್ಕಳ ತಂದೆತಾಯಿಗಳು. ಚೆನ್ನಾಗಿ ಅಂಕ ತೆಗೆಯುವ ಮಗುವನ್ನು ಡಾಕ್ಟರ್ ಮಾಡುವುದು ಹೇಗೆ ಎಂದು ತಿಳಿಯಲು ಬಂದವರು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾತನಾಡಲು ಒಪ್ಪಿಕೊಂಡದ್ದು ಬೇರೊಂದು ಗುಂಪಿನವರಿಗಾಗಿ. ಪದವಿ ಮುಗಿಸಿ ಏಳೆಂಟು ವರ್ಷ ಇನ್ನಾವುದೋ ಕೆಲಸ ಮಾಡಿ, ಮೂವತ್ತರ ಆಚೀಚೆ ನಿಂತು, ಹಿಂದೆ ತೆಗೆದ ಸಿ, ಡಿ ಗ್ರೇಡುಗಳ ಗಂಟನ್ನು ಬೆನ್ನಿಗೆ ಕಟ್ಟಿಕೊಂಡೇ ವೈದ್ಯರಾಗಬೇಕೆಂದು ಹೊರಟವರು ಆ ಗುಂಪಿನಲ್ಲಿದ್ದಾರೆ. ಇವರನ್ನು ಇಲ್ಲಿ ‘ನಾನ್‌ಟ್ರೆಡಿಷನಲ್’ ಅಭ್ಯರ್ಥಿಗಳು ಎನ್ನುತ್ತಾರೆ. ನಾನೂ ಅವರಲ್ಲೊಬ್ಬ. 2006ರಲ್ಲಿ ನಾಲ್ಕಕ್ಕೆ 2.7 ಜಿಪಿಎಯೊಂದಿಗೆ, ಅಂದರೆ ಗ್ರೇಡುಗಳ ಸರಾಸರಿಯೊಂದಿಗೆ, ಪದವಿ ಮುಗಿಸಿದೆ, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿ ವರ್ಷಗಳನ್ನು ಕಳೆದೆ, 34ನೇ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿದೆ, 2025ರಲ್ಲಿ ಫ್ಯಾಮಿಲಿ ಮೆಡಿಸಿನ್‌ನಲ್ಲಿ ರೆಸಿಡೆನ್ಸಿ ಎಂಬ, ಪದವಿಯ ನಂತರದ ಆಸ್ಪತ್ರೆ ತರಬೇತಿ ಮುಗಿಸಿದೆ. ಈ ಮಧ್ಯೆ ಒಮ್ಮೆ ಅರ್ಜಿ ಹಾಕಿ ಪೂರ್ತಿಯಾಗಿ ಸೋತೆ. ಇವತ್ತು ಹೇಳುವುದರಲ್ಲಿ ಹೆಚ್ಚಿನ ಭಾಗ ಆ ಸೋಲಿನಿಂದ ತಿಳಿದದ್ದು.

ಊರಿನಲ್ಲಿ ಓದಿ ಬಂದವರಿಗೆ ಮೊದಲು ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ಭಾರತದಲ್ಲಿ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇಕಡಾ 50, ಮೀಸಲಾತಿ ಇರುವವರಿಗೆ ಶೇಕಡಾ 40 ಬಂದಿದ್ದರೆ ಆ ಅಂಕಗಳ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆಗೆ ಸೀಟು ಕೊಡುವುದು ನೀಟ್ ರ್‍ಯಾಂಕ್. ಅದು ಕಠಿಣವಾದ ಪರೀಕ್ಷೆ, ಆದರೆ ಹಳೆಯ ಲೆಕ್ಕವನ್ನು ಒಂದೇ ಮಧ್ಯಾಹ್ನದಲ್ಲಿ ಚುಕ್ತಾ ಮಾಡಿಬಿಡುವ ಪರೀಕ್ಷೆ. ಅಮೆರಿಕದಲ್ಲಿ ಅಂಥ ಮಧ್ಯಾಹ್ನ ಇಲ್ಲ. ಇಲ್ಲಿ ವೈದ್ಯಕೀಯ ಶಿಕ್ಷಣ ಆರಂಭವಾಗುವುದೇ ಪದವಿಯ ನಂತರ, ಮತ್ತು ಅರ್ಜಿಯಲ್ಲಿ ನೀವು ಇದುವರೆಗೆ ಕಾಲಿಟ್ಟ ಪ್ರತಿಯೊಂದು ಕಾಲೇಜಿನ ಪ್ರತಿಯೊಂದು ಗ್ರೇಡನ್ನೂ ತೋರಿಸಬೇಕಾಗುತ್ತದೆ. ಹದಿನೆಂಟನೇ ವಯಸ್ಸಿನಲ್ಲಿ ಬೇಸಿಗೆ ರಜೆಯಲ್ಲಿ ಸೇರಿ ಅರ್ಧಕ್ಕೇ ಬಿಟ್ಟ ಕೋರ್ಸನ್ನೂ ಬಿಡುವ ಹಾಗಿಲ್ಲ; ಬಿಟ್ಟು ಸಿಕ್ಕಿಬಿದ್ದರೆ ಅದು ಕಡಿಮೆ ಅಂಕಕ್ಕಿಂತ ದೊಡ್ಡ ಕಳಂಕ.

ಹಾಗಾದರೆ ಹಳೆಯ ಅಂಕಗಳನ್ನು ಸರಿಪಡಿಸುವುದು ಹೇಗೆ ಎಂಬುದು ಎಲ್ಲರ ಮೊದಲ ಪ್ರಶ್ನೆ. ಸರಿಪಡಿಸಲಾಗುವುದಿಲ್ಲ ಎಂಬುದು ನನ್ನ ಉತ್ತರ, ಮತ್ತು ಅದನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್. 2.7 ಜಿಪಿಎ ಎಂದರೆ 120ನ್ನು 2.7ರಿಂದ ಗುಣಿಸಿ ಬರುವ 324 ಅಂಶಗಳು. ಈಗ ಕೆಲಸ ಮಾಡಿಕೊಂಡೇ ಸಂಜೆ ಹೊತ್ತು, ಒಂದು ಸೆಮಿಸ್ಟರಿಗೆ ಎಂಟು ಕ್ರೆಡಿಟ್‌ನಂತೆ ಐದು ಸೆಮಿಸ್ಟರ್ ಓದಿ, ನಲವತ್ತು ಕ್ರೆಡಿಟ್‌ಗಳಲ್ಲಿ ಒಂದನ್ನೂ ಬಿಡದೆ ಎ ಗ್ರೇಡ್ ತೆಗೆದಿರಿ ಎಂದುಕೊಳ್ಳೋಣ. ಎ ಎಂದರೆ ಕ್ರೆಡಿಟ್‌ಗೆ ನಾಲ್ಕು, ಹಾಗಾಗಿ 160 ಅಂಶಗಳು ಸೇರಿದವು. 484ನ್ನು 160 ಕ್ರೆಡಿಟ್‌ಗಳಿಂದ ಭಾಗಿಸಿದರೆ ಬರುವುದು 3.025. ಎರಡೂವರೆ ವರ್ಷ ನಿದ್ದೆಗೆಟ್ಟದ್ದಕ್ಕೆ ಸಿಕ್ಕಿದ್ದು ಪಾಯಿಂಟಿನ ಮೂರನೇ ಒಂದು ಭಾಗ. ಇದೇ 2.7ನ್ನು 3.5ಕ್ಕೆ ಏರಿಸಬೇಕೆಂದರೆ ಎಷ್ಟು ಕ್ರೆಡಿಟ್ ಬೇಕು ಎಂದು ಒಂದು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ, ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಉತ್ತರ 192 ಬಂತು, ಅದೂ ಎಲ್ಲದರಲ್ಲೂ ಎ ಬಂದರೆ. ಒಂದೂವರೆ ಪದವಿಗಿಂತ ಹೆಚ್ಚು. ನನ್ನ ವೇಗದಲ್ಲಿ ಹನ್ನೆರಡು ವರ್ಷ. ತಪ್ಪಿರಬೇಕೆಂದು ಮತ್ತೊಮ್ಮೆ ಹಾಕಿದೆ, ತಪ್ಪಿರಲಿಲ್ಲ.

ಆ ಬಿಲ್ಲನ್ನು ಬಹಳ ದಿನ ಇಟ್ಟುಕೊಂಡಿದ್ದೆ, ಏಕೆಂದರೆ ಅದು ನನ್ನನ್ನು ಒಂದು ತಪ್ಪು ಆಸೆಯಿಂದ ಬಿಡಿಸಿತು. ಇಲ್ಲಿ ಎಂ.ಡಿ. ಎಂದರೆ ಊರಿನ ಎಂಬಿಬಿಎಸ್‌ನಂತೆ ಮೊದಲ ವೈದ್ಯ ಪದವಿ. 2023ರಲ್ಲಿ ಎಂ.ಡಿ. ಕಾಲೇಜುಗಳಿಗೆ ಸೇರಿದವರ ಸರಾಸರಿ ಜಿಪಿಎ 3.77, ಆ ವರ್ಷ ಅರ್ಜಿ ಹಾಕಿದವರು ಸುಮಾರು 52,500, ಸೇರಿದವರು ಸುಮಾರು 23,000. ಆ ಸರಾಸರಿಯನ್ನು ಮುಟ್ಟುವ ದಾರಿ ನನ್ನಂಥವನಿಗೆ ಮುಚ್ಚಿತ್ತು. ಮುಚ್ಚಿರದಿದ್ದುದು ಬೇರೆ. ಎಂ.ಡಿ. ಕಾಲೇಜುಗಳ ಅರ್ಜಿಗಳನ್ನು ಒಟ್ಟುಗೂಡಿಸುವ ಆಮ್ಕಾಸ್ ವ್ಯವಸ್ಥೆ ಜಿಪಿಎಯನ್ನು ಒಂದೇ ಸಂಖ್ಯೆಯಾಗಿ ಕಳುಹಿಸುವುದಿಲ್ಲ. ಮೊದಲ ವರ್ಷ, ಎರಡನೇ ವರ್ಷ, ಮೂರು, ನಾಲ್ಕು, ಆಮೇಲೆ ಪದವಿಯ ನಂತರ ಓದಿದ್ದು ಎಂದು ಒಂದರ ಕೆಳಗೊಂದು ಸಾಲು ಮಾಡಿ, ವಿಜ್ಞಾನ ಮತ್ತು ಗಣಿತದ ಕೋರ್ಸುಗಳ ಸರಾಸರಿಯನ್ನು ಬೇರೆಯಾಗಿಯೇ ಹಾಕುತ್ತದೆ. ನನ್ನ ಹಾಳೆಯಲ್ಲಿ ಮೇಲಿನ ಸಾಲುಗಳು ಎರಡೂವರೆಯ ಸುತ್ತ ಹೊರಳಾಡುತ್ತಿದ್ದವು. ಕೊನೆಯ ಸಾಲಿನಲ್ಲಿ ನಲವತ್ತು ಕ್ರೆಡಿಟ್‌ಗಳ ಎದುರು 4.0 ಎಂದಿತ್ತು. ಓದುವವರು ಮೇಲಿನಿಂದ ಕೆಳಕ್ಕೆ ಓದುತ್ತಾರೆ. ಒಟ್ಟು ಸರಾಸರಿಯಲ್ಲಿ ಕರಗಿಹೋಗುವ ಎರಡೂವರೆ ವರ್ಷ ಆ ಸಾಲಿನಲ್ಲಿ ಕರಗುವುದಿಲ್ಲ.

ಇದೇ ಕಾರಣಕ್ಕೆ ಸಿ ಬಂದ ಕೋರ್ಸನ್ನೆಲ್ಲ ಮತ್ತೆ ಓದುವ ಗೀಳನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಆಮ್ಕಾಸ್‌ನಲ್ಲಿ ಹಳೆಯ ಗ್ರೇಡೂ ಹೊಸ ಗ್ರೇಡೂ ಎರಡೂ ಲೆಕ್ಕಕ್ಕೆ ಬರುತ್ತವೆ. ಡಿ ಅಥವಾ ಎಫ್ ಬಂದಿರುವ ಕಡ್ಡಾಯ ವಿಷಯವನ್ನು ಮತ್ತೆ ಓದಲೇಬೇಕು, ಅದರಲ್ಲಿ ಮಾತಿಲ್ಲ. ಸಿ ಬಂದಿರುವಲ್ಲಿ ಅದೇ ವಿಷಯದ ಮುಂದಿನ ಹಂತದ ಬಯೋಕೆಮಿಸ್ಟ್ರಿ, ಫಿಸಿಯಾಲಜಿ ಮುಂತಾದ ಕೋರ್ಸುಗಳಲ್ಲಿ ಎ ತೆಗೆಯುವುದು ಹೆಚ್ಚು ಹೇಳುತ್ತದೆ. ಎಂ.ಡಿ.ಯ ಜೊತೆಗೆ ಇಲ್ಲಿರುವ ಇನ್ನೊಂದು ವೈದ್ಯ ಪದವಿ ಡಿ.ಒ. ಅದರ ಕಾಲೇಜುಗಳ ಅರ್ಜಿಯಲ್ಲಿ ಹಿಂದೆ ಹೊಸ ಗ್ರೇಡು ಹಳೆಯದನ್ನು ಅಳಿಸುವ ನಿಯಮವಿತ್ತು. ಅದನ್ನು ನೆಚ್ಚಿ ನಾನು ಮೂರು ಕೋರ್ಸುಗಳನ್ನು ಮತ್ತೆ ಓದಿದೆ. ನಾನು ಅರ್ಜಿ ಹಾಕುವ ಒಂದು ತಿಂಗಳು ಮೊದಲು, 2017ರ ಮೇ ತಿಂಗಳಲ್ಲಿ, ಆ ನಿಯಮವನ್ನೇ ತೆಗೆದುಹಾಕಿದರು. ಈಗಲೂ ಅಳಿಸುವುದಕ್ಕೆ ಹತ್ತಿರವಾದದ್ದು ಇರುವುದು ಟೆಕ್ಸಸ್ ರಾಜ್ಯದಲ್ಲಿ. ಅಲ್ಲಿನ ನಿವಾಸಿಯಾದವರು ಹತ್ತು ವರ್ಷಕ್ಕಿಂತ ಹಳೆಯ ಕೋರ್ಸುಗಳನ್ನು ಪರಿಗಣಿಸಬೇಡಿರೆಂದು ಸರ್ಕಾರಿ ಕಾಲೇಜುಗಳನ್ನು ಕೋರಬಹುದು, ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಕಲ್ಲನ್ನು ಆರಿಸಿ ತೆಗೆದು ಅಕ್ಕಿಯನ್ನು ಉಳಿಸಿಕೊಳ್ಳುವ ಹಾಗಿಲ್ಲ. ಆ ಕಾಲದ ಒಳ್ಳೆಯ ಗ್ರೇಡುಗಳೂ ಹೋಗುತ್ತವೆ, ಮತ್ತೆಲ್ಲವನ್ನೂ ಮೊದಲಿನಿಂದ ಓದಬೇಕು.

ಈಗ ನನ್ನ ಮೊದಲ ಅರ್ಜಿಯ ವಿಷಯಕ್ಕೆ ಬರುತ್ತೇನೆ. 2013ರಲ್ಲಿ, 29 ತುಂಬಿದಾಗ, ವೈದ್ಯನಾಗಬೇಕೆಂದು ನಿಶ್ಚಯಿಸಿದೆ. ತಡವಾಗಿ ಹೊರಟವರಿಗೆಲ್ಲ ಇರುವ ಕಾಯಿಲೆ ನನಗೂ ಇತ್ತು: ಆಗಲೇ ಹೊತ್ತು ಮೀರಿದೆ, ಇನ್ನೊಂದು ವರ್ಷವನ್ನೂ ಕಳೆದುಕೊಳ್ಳಬಾರದು ಎಂಬ ಗಾಬರಿ. ಎರಡೇ ಕೋರ್ಸು ಓದಿ, ಮೂರು ತಿಂಗಳು ತಯಾರಿ ನಡೆಸಿ, ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆಯ ಆಗಿನ ಹಳೆಯ ಮಾದರಿಯಲ್ಲಿ 45ಕ್ಕೆ 26 ತೆಗೆದುಕೊಂಡು, 2014ರ ಸೆಪ್ಟೆಂಬರಿನಲ್ಲಿ ಇಪ್ಪತ್ತೆರಡು ಕಾಲೇಜುಗಳಿಗೆ ಅರ್ಜಿ ಹಾಕಿದೆ. ಇಲ್ಲಿ ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ, ಜೂನ್ ಕೊನೆಯ ಹೊತ್ತಿಗೆ ಕಾಲೇಜುಗಳ ಕೈ ಸೇರತೊಡಗುತ್ತದೆ; ಬಂದ ಹಾಗೆಯೇ ಓದಿ, ಕರೆದು, ಸೀಟು ತುಂಬಿಸುತ್ತಾ ಹೋಗುವ ಕಾಲೇಜುಗಳೇ ಹೆಚ್ಚು. ಸೆಪ್ಟೆಂಬರಿನಲ್ಲಿ ಕಳುಹಿಸಿದ ಅರ್ಜಿಯ ಗ್ರೇಡುಗಳನ್ನು ತಾಳೆ ನೋಡುವುದಕ್ಕೇ ವಾರಗಳು ಹಿಡಿದವು. ಪಂಕ್ತಿ ಎದ್ದ ಮೇಲೆ ಎಲೆ ಹುಡುಕಿಕೊಂಡು ಬಂದವನ ಸ್ಥಿತಿ ನನ್ನದಾಯಿತು. ಇಪ್ಪತ್ತೆರಡರಲ್ಲಿ ಒಂದೂ ಸಂದರ್ಶನಕ್ಕೆ ಕರೆಯಲಿಲ್ಲ. ಹಣವೂ ಕಡಿಮೆ ಹೋಗಲಿಲ್ಲ. 2025ರ ದರದಲ್ಲಿ ಮೊದಲ ಕಾಲೇಜಿಗೆ 175 ಡಾಲರ್, ಆಮೇಲಿನ ಪ್ರತಿಯೊಂದಕ್ಕೂ ನಲವತ್ತಕ್ಕಿಂತ ಹೆಚ್ಚು, ಅದರ ಮೇಲೆ ಪ್ರತಿ ಕಾಲೇಜೂ ತನ್ನದೇ ಎರಡನೇ ಅರ್ಜಿಗೆ ಬೇರೆ ಶುಲ್ಕ ಕೇಳುತ್ತದೆ. ಹಣಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದಿತ್ತು: ಮುಂದೆ ಅದೇ ಕಾಲೇಜುಗಳಿಗೆ ಹೋದಾಗ ‘ಹಿಂದೆ ಅರ್ಜಿ ಹಾಕಿದ್ದಿರಾ, ಆಮೇಲೆ ಏನು ಬದಲಾಗಿದೆ’ ಎಂಬ ಪ್ರಶ್ನೆಗೆ ಬರೆದು ಉತ್ತರ ಕೊಡಬೇಕಾಯಿತು.

ವಯಸ್ಸಾದವರಿಗೆ ಒಂದು ವರ್ಷ ದುಬಾರಿ ಎಂಬುದು ನಿಜ. ಆದರೆ ನಾನು ಉಳಿಸಲು ಹೋದ ಒಂದು ವರ್ಷ ನನ್ನಿಂದ ಮೂರು ವರ್ಷವನ್ನು ಕಿತ್ತುಕೊಂಡಿತು. ಎರಡನೇ ಬಾರಿ 2017ರ ಜೂನ್ ಮೊದಲ ವಾರ ಅರ್ಜಿ ಕಳುಹಿಸಿದಾಗ ಕೋರ್ಸುಗಳೆಲ್ಲ ಮುಗಿದಿದ್ದವು, ಶಿಫಾರಸು ಪತ್ರಗಳು ಬಂದು ಕುಳಿತಿದ್ದವು, ಎಂಕ್ಯಾಟ್ ಅಂಕ ಕೈಯಲ್ಲಿತ್ತು.

ಎಂಕ್ಯಾಟ್ ಬಗ್ಗೆ ಎರಡು ಮಾತು. 2015ರ ಏಪ್ರಿಲ್‌ನಿಂದ ಈಗಿನ ಮಾದರಿ ನಡೆಯುತ್ತಿದೆ: 472ರಿಂದ 528ರವರೆಗಿನ ಅಂಕ, ನಾಲ್ಕು ಭಾಗ, 230 ಪ್ರಶ್ನೆ, ವಿರಾಮಗಳೂ ಸೇರಿ ಏಳೂವರೆ ಗಂಟೆ. ಸೇರಿದವರ ಸರಾಸರಿ 511ರ ಮೇಲಿದೆ. ಜಿಪಿಎ ಕಡಿಮೆ ಇರುವವನಿಗೆ ಈ ಪರೀಕ್ಷೆಯಲ್ಲಿ ಸರಾಸರಿ ಅಂಕ ಬಂದರೆ ಸಾಲದು. ಹಳೆಯ ಗ್ರೇಡುಗಳು ಎಬ್ಬಿಸಿದ ಸಂಶಯಕ್ಕೆ ಇದೇ ಉತ್ತರವಾಗಬೇಕು. ವರ್ಷಕ್ಕೆ ಮೂರು ಬಾರಿ, ಜೀವಮಾನದಲ್ಲಿ ಏಳು ಬಾರಿ ಬರೆಯಬಹುದು ಎಂಬ ಅವಕಾಶವನ್ನು ನೋಡಿ ‘ಒಮ್ಮೆ ಬರೆದು ನೋಡೋಣ’ ಎಂದು ಹೋಗುವವರನ್ನು ಕಂಡಿದ್ದೇನೆ. ಬರೆದ ಎಲ್ಲ ಅಂಕಗಳೂ ಕಾಲೇಜಿಗೆ ಕಾಣಿಸುತ್ತವೆ. ಅಭ್ಯಾಸ ಪರೀಕ್ಷೆಗಳಲ್ಲಿ ಬೇಕಾದ ಅಂಕ ಸತತವಾಗಿ ಬರುವವರೆಗೆ ನಾನು ಎರಡು ಬಾರಿ ದಿನಾಂಕ ಮುಂದೂಡಿದೆ, 2016ರಲ್ಲಿ 512 ಬಂತು. ಇಂಗ್ಲಿಷ್ ಗದ್ಯಭಾಗ ಓದಿ ಉತ್ತರಿಸುವ ವಿಭಾಗ ನಮ್ಮವರಲ್ಲಿ ಅನೇಕರನ್ನು ಕೆಡವುತ್ತದೆ. ಅದಕ್ಕೆ ಬಾಯಿಪಾಠ ನಡೆಯುವುದಿಲ್ಲ.

ಸಂಖ್ಯೆಗಳಾಚೆ ಇರುವುದು ಪ್ರಬಂಧ ಮತ್ತು ಅನುಭವ. ಆಮ್ಕಾಸ್ ಪ್ರಬಂಧಕ್ಕೆ ಇರುವ ಜಾಗ, ಪದಗಳ ನಡುವಿನ ಖಾಲಿ ಸ್ಥಳವೂ ಸೇರಿ, 5,300 ಅಕ್ಷರಗಳು, ಸುಮಾರು ಒಂದೂವರೆ ಪುಟ. ಮೊದಲ ಬಾರಿ ನಾನು ಅದರಲ್ಲಿ ಸೇವೆ, ಕನಸು, ತ್ಯಾಗ ಎಂಬ ಪದಗಳನ್ನು ಧಾರಾಳವಾಗಿ ಬಳಸಿದ್ದೆ. ಒಬ್ಬನೇ ಒಬ್ಬ ರೋಗಿ ಅದರಲ್ಲಿರಲಿಲ್ಲ. ಎರಡನೇ ಬಾರಿ ಬರೆದದ್ದು ಒಂದೇ ಸಂಗತಿ. 2015ರಿಂದ ಶನಿವಾರ ಬೆಳಗ್ಗೆ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸ್ವಯಂಸೇವಕನಾಗಿದ್ದೆ. ಹೊದಿಕೆ ಮಡಿಸುವುದು, ಗಾಲಿಕುರ್ಚಿ ತಳ್ಳುವುದು ನನ್ನ ಕೆಲಸ. ಒಂದು ದಿನ ಹಾಸನದ ಕಡೆಯ ವೃದ್ಧೆಯೊಬ್ಬರು ಬಂದರು. ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದವರು. ಮಗ ಕಾರು ನಿಲ್ಲಿಸಲು ಹೋಗಿದ್ದ. ನರ್ಸ್ ಫೋನಿನಲ್ಲಿ ದುಭಾಷಿಯನ್ನು ಕರೆದರು. ಆ ಅಜ್ಜಿ, ‘ಬೆಳಗ್ಗೆಯಿಂದ ಒಂಥರಾ ಸಂಕಟ ಕಣಪ್ಪ, ತಡೆಯಕ್ಕಾಗ್ತಿಲ್ಲ’ ಎಂದರು. ದುಭಾಷಿ ಅದನ್ನು ಇಂಗ್ಲಿಷಿನಲ್ಲಿ, ಅವರ ಮನಸ್ಸಿಗೆ ತುಂಬ ದುಃಖವಾಗಿದೆ ಎಂದು ಹೇಳಿದರು. ನರ್ಸ್ ಕುರ್ಚಿ ಎಳೆದುಕೊಂಡು ಕುಳಿತು, ಮನೆಯಲ್ಲಿ ಏನಾದರೂ ನಡೆಯಿತೇ ಎಂದು ಮೆಲ್ಲಗೆ ಕೇಳತೊಡಗಿದರು. ಸ್ವಯಂಸೇವಕರು ರೋಗಿಗಳಿಗೆ ಅನುವಾದ ಮಾಡಬಾರದೆಂಬ ನಿಯಮ ಅಲ್ಲಿತ್ತು, ಅದು ಸರಿಯಾದ ನಿಯಮವೇ. ನಾನು ನರ್ಸ್ ಹತ್ತಿರ ಹೋಗಿ, ‘ಅದು ಎಲ್ಲಿ ಆಗುತ್ತಿದೆ ಎಂದು ಕೇಳಿ ನೋಡಿ’ ಎಂದಷ್ಟೇ ಹೇಳಿದೆ. ಕೇಳಿದರು. ಅಜ್ಜಿ ಅಂಗೈಯನ್ನು ಎದೆಗೂಡಿನ ಕೆಳಗೆ ಒತ್ತಿ ಹಿಡಿದು ತೋರಿಸಿದರು. ಎರಡು ನಿಮಿಷದಲ್ಲಿ ಇಸಿಜಿ ಯಂತ್ರ ಬಂತು, ಪರದೆ ಎಳೆದರು, ನಾನು ಹೊದಿಕೆ ಮಡಿಸಲು ಹೋದೆ. ಆಮೇಲೆ ಏನಾಯಿತೆಂಬುದು ನನಗೆ ತಿಳಿಯಲಿಲ್ಲ, ತಿಳಿಯುವ ಹಕ್ಕೂ ನನಗಿರಲಿಲ್ಲ. ಪ್ರಬಂಧದಲ್ಲಿ ಅದನ್ನೂ ಹಾಗೆಯೇ ಬರೆದೆ. ಮುಂದೆ ಸಂದರ್ಶನಕ್ಕೆ ಕರೆದ ಎರಡು ಕಡೆ ಮೊದಲ ಪ್ರಶ್ನೆ ‘ಸಂಕಟ’ ಎಂಬ ಪದದ ಬಗ್ಗೆಯೇ ಬಂತು.

ಕಡಿಮೆ ಅಂಕಗಳಿಗೆ ಕಾರಣ ಹೇಳಬೇಕೇ ಎಂದು ಕೇಳುತ್ತಾರೆ. ಕೇಳಿದಾಗ ಹೇಳಬೇಕು, ಮೂರು ವಾಕ್ಯಗಳಲ್ಲಿ. ಏನಾಯಿತು, ಅದರಲ್ಲಿ ನನ್ನ ಪಾಲೆಷ್ಟು, ಆಮೇಲೆ ಏನು ಮಾಡಿದೆ. ಕಾಯಿಲೆ ಅಥವಾ ಮನೆಯ ಕಷ್ಟ ಇದ್ದಿದ್ದರೆ ಅದನ್ನು ಮುಚ್ಚಿಡಬೇಕಾಗಿಲ್ಲ. ನನಗೆ ಅಂಥದ್ದೇನೂ ಇರಲಿಲ್ಲ, ಓದಲಿಲ್ಲ, ಅಷ್ಟೆ. ಒಬ್ಬ ಸಂದರ್ಶಕರಿಗೆ ಅದನ್ನು ಹಾಗೆಯೇ ಹೇಳಿದೆ, ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಪ್ರೊಫೆಸರರನ್ನು ದೂರಿದ್ದರೆ ಅವರು ಅಲ್ಲೇ ನಿಲ್ಲುತ್ತಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಯಾವ ಕಾಲೇಜುಗಳಿಗೆ ಹಾಕಬೇಕು ಎಂಬಲ್ಲಿ ನಮ್ಮ ಸಮುದಾಯದ ಹೆಮ್ಮೆ ಅಡ್ಡ ಬರುತ್ತದೆ. ‘ಡಿ.ಒ. ಅಂದರೆ ಅರ್ಧ ಡಾಕ್ಟರೇ?’ ಎಂದು ನನ್ನ ಸ್ವಂತ ಚಿಕ್ಕಪ್ಪ ಕೇಳಿದ್ದರು. 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಆರಂಭಿಸಿದ ಕಾಲೇಜಿನಿಂದ ಬೆಳೆದ ಆಸ್ಟಿಯೋಪಥಿಕ್ ವೈದ್ಯ ಪರಂಪರೆ ಅದು. ಇಂದು ಐವತ್ತೂ ರಾಜ್ಯಗಳಲ್ಲಿ ಡಿ.ಒ. ವೈದ್ಯರಿಗೆ ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಅಧಿಕಾರವಿದೆ, 2020ರಿಂದ ಎರಡೂ ಪದವಿಯವರಿಗೆ ರೆಸಿಡೆನ್ಸಿಯ ಮಾನ್ಯತಾ ವ್ಯವಸ್ಥೆಯೂ ಒಂದೇ. ಕೆಲವು ಸ್ಪರ್ಧಾತ್ಮಕ ವಿಭಾಗಗಳಲ್ಲಿ ಡಿ.ಒ. ಅಭ್ಯರ್ಥಿಗೆ ಹೆಚ್ಚು ಕಷ್ಟ ಎಂಬುದೂ ನಿಜ, ಅದನ್ನು ಮುಚ್ಚಿಡುವುದಿಲ್ಲ. ನಾನು ಹದಿನಾಲ್ಕು ಎಂ.ಡಿ., ಹತ್ತು ಡಿ.ಒ. ಕಾಲೇಜುಗಳಿಗೆ ಹಾಕಿದೆ, ಎಂ.ಡಿ.ಯಲ್ಲಿ ಒಂದು ಸಂದರ್ಶನ, ಕಾಯುವ ಪಟ್ಟಿ, ಡಿ.ಒ.ಯಲ್ಲಿ ಮೂರು ಸಂದರ್ಶನ, ಎರಡು ಸೀಟು. ಓದಿದ್ದು ಡಿ.ಒ.

ಇನ್ನೊಂದು ದಾರಿ ಸ್ಪೆಷಲ್ ಮಾಸ್ಟರ್ಸ್ ಎಂಬ ಒಂದು ವರ್ಷದ ಕೋರ್ಸು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಇಂಥ ಕೋರ್ಸು ಬಹಳ ಹಳೆಯದು, ಅಲ್ಲಿ ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗಳ ಪಠ್ಯವನ್ನೇ ಓದಬೇಕು. ಚೆನ್ನಾಗಿ ಮಾಡಿದರೆ ಅದಕ್ಕಿಂತ ಗಟ್ಟಿಯಾದ ಪುರಾವೆ ಇಲ್ಲ; ಬಿ ಬಂದರೆ ಮಾತ್ರ ಉಳಿದಿದ್ದ ಬಾಗಿಲನ್ನೂ ಕೈಯಾರೆ ಹಾಕಿಕೊಂಡಂತೆ. ಅದೂ ಪದವಿಯ ಜಿಪಿಎಗೆ ಸೇರುವುದಿಲ್ಲ, ಸ್ನಾತಕೋತ್ತರ ಎಂದು ಬೇರೆ ಸಾಲಿನಲ್ಲಿ ಬರುತ್ತದೆ. ಮೊದಲು ಕಡಿಮೆ ಶುಲ್ಕದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎ ತೆಗೆದು ತೋರಿಸಿ, ಬೇಕಾದರೆ ಆಮೇಲೆ ಅದಕ್ಕೆ ಹೋಗಿ ಎನ್ನುತ್ತೇನೆ. ಕೆರಿಬಿಯನ್ ದ್ವೀಪಗಳ ಕಾಲೇಜುಗಳು ಈ ಅಂಕಗಳಿಗೆ ಸುಲಭವಾಗಿ ಸೀಟು ಕೊಡುತ್ತವೆ. ತೊಡಕು ಇರುವುದು ಓದಿ ಹೊರಬಂದ ಮೇಲೆ. 2024ರಲ್ಲಿ ರೆಸಿಡೆನ್ಸಿ ಸಿಕ್ಕಿದ್ದು ಎಂ.ಡಿ. ಕೊನೆಯ ವರ್ಷದವರಲ್ಲಿ ಶೇಕಡಾ 93ರಷ್ಟು, ಡಿ.ಒ.ದವರಲ್ಲಿ 92ರಷ್ಟು, ಹೊರದೇಶದಲ್ಲಿ ಓದಿದ ಅಮೆರಿಕನ್ ಪ್ರಜೆಗಳಲ್ಲಿ 67ರಷ್ಟು ಜನರಿಗೆ. ಮೂವರಲ್ಲೊಬ್ಬರು ಸಾಲ ಹೊತ್ತು ನಿಲ್ಲುತ್ತಾರೆ.

ಸಾಲದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಖಾಸಗಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ನಾಲ್ಕು ವರ್ಷಕ್ಕೆ 3,00,000 ಡಾಲರ್ ದಾಟುವುದು ಮಾಮೂಲಿ. ಪೂರ್ತಿ ಖರ್ಚಿನವರೆಗೂ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ಸಾಲ, 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸಬರಿಗಿಲ್ಲ. ವೃತ್ತಿಪದವಿಯ ವಿದ್ಯಾರ್ಥಿಗೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಿತಿ. ಮನೆ ಸಾಲ, ಮಕ್ಕಳು, ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವವರು ಈ ಅಂತರವನ್ನು ಎಲ್ಲಿಂದ ತುಂಬುತ್ತೇವೆ ಎಂಬುದನ್ನು ಎಂಕ್ಯಾಟ್ ಪುಸ್ತಕ ಕೊಳ್ಳುವ ಮೊದಲೇ ಮನೆಯವರೊಡನೆ ಕುಳಿತು ಮಾತನಾಡಬೇಕು. ನನ್ನ ಹೆಂಡತಿಯ ಸಂಬಳ ಇಲ್ಲದಿದ್ದರೆ ನಾನು ಇಲ್ಲಿ ನಿಂತು ಮಾತನಾಡುತ್ತಿರಲಿಲ್ಲ; ಸಭೆಗಳಲ್ಲಿ ಸಾಧಕರು ಈ ವಿಷಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಬಂದಿರುವ, ಮೂವತ್ತೊಂದು ವರ್ಷದ ಮಹಿಳೆಯೊಬ್ಬರು ಎದ್ದು, ‘ಸರ್, ನನಗೆ ಡಿಗ್ರಿಯಲ್ಲಿ ಬಂದದ್ದು ಐವತ್ತೆರಡು ಪರ್ಸೆಂಟ್. ಅದು ಅಡ್ಡ ಬರುತ್ತದೆಯೇ?’ ಎಂದು ಕೇಳಿದರು. ಹೊರದೇಶದ ಅಂಕಗಳನ್ನು ಆಮ್ಕಾಸ್ ಜಿಪಿಎ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಆ ಐವತ್ತೆರಡು ಅವರಿಗೆ ಅಡ್ಡವೂ ಅಲ್ಲ, ಆಸರೆಯೂ ಅಲ್ಲ. ಆದರೆ ಹೆಚ್ಚಿನ ಕಾಲೇಜುಗಳು ಅಮೆರಿಕದ ಪದವಿಯನ್ನು ಅಥವಾ ಇಲ್ಲಿ ಓದಿದ ಸಾಕಷ್ಟು ಕ್ರೆಡಿಟ್‌ಗಳನ್ನು ಕೇಳುತ್ತವೆ, ಅನೇಕ ಕಾಲೇಜುಗಳು ಪ್ರಜೆಗಳನ್ನು ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ತೆಗೆದುಕೊಳ್ಳುತ್ತವೆ, ಕೇಂದ್ರ ಸರ್ಕಾರದ ಸಾಲವೂ ಎಚ್-4ನಲ್ಲಿರುವವರಿಗೆ ಸಿಗುವುದಿಲ್ಲ. ಎಚ್-4ನಲ್ಲಿ ಓದಲು ಮಾತ್ರ ಅಡ್ಡಿಯಿಲ್ಲ. ‘ಗ್ರೀನ್ ಕಾರ್ಡ್ ಸರದಿ ಎಲ್ಲಿಗೆ ಬಂದಿದೆ ಎಂದು ನಿಮ್ಮ ಯಜಮಾನರನ್ನು ಕೇಳಿ, ಅದು ಬರುವವರೆಗೆ ಇಲ್ಲಿನ ಅಂಕಪಟ್ಟಿಯ ಮೊದಲ ಸಾಲು ಬರೆಯುವುದು ನಿಮ್ಮ ಕೈಯಲ್ಲೇ ಇದೆಯಲ್ಲಮ್ಮ’ ಎಂದೆ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಜನರಲ್ ಕೆಮಿಸ್ಟ್ರಿಯ ಸಂಜೆ ತರಗತಿ ಇದೆಯೇ ಎಂದು ಆಕೆ ನಿಂತಲ್ಲೇ ಫೋನಿನಲ್ಲಿ ಹುಡುಕಿದರು. ಇತ್ತು, ಮಂಗಳವಾರ ಮತ್ತು ಗುರುವಾರ ಆರು ಗಂಟೆಗೆ. ಹೆಸರು ಬರೆಸಲು ಇನ್ನೂ ಹನ್ನೊಂದು ದಿನ ಉಳಿದಿತ್ತು.